ಕೈಬಿಟ್ಟ ಎಂಟರ ಜೋಡಿ

ಔರಾದ
4 ಅಕ್ಟೋಬರ್ 2023

ಪ್ರೀತಿಯ ಮುತ್ಯಾನಿಗೆ ಮೊಮ್ಮಗಳು ಏಂಜೆಲಳ ವಂದನೆಗಳು.

ಈ ಪತ್ರವನ್ನು ನಿಂತು ಓದಬೇಡಿರಿ, ಕೂತು ಓದಿರಿ. ಆಯಿ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು.

ನಾನು ಇಸ್ಪೀಟಿನ ಪಂದ್ಯವೊಂದಕ್ಕೆ ಹೆಸರು ಕೊಟ್ಟಿದ್ದೇನೆ. ಆಟದ ಹೆಸರು ಪೋಕರ್, ಮೊಬೈಲಿನಲ್ಲೇ ಆಡುವುದು. "ಸಾಲಿ ಕಲಿಸೋ ಹುಡುಗಿ ಜೂಜಾಡ್ಲತಾಳ" ಅಂತ ಯಾರಾದರೂ ಭಾಲ್ಕಿಗೆ ಸುದ್ದಿ ಮುಟ್ಟಿಸುವ ಮೊದಲು ನಾನೇ ಹೇಳಿಬಿಡುವುದು ಮೇಲಲ್ಲವೇ? ಇದರಲ್ಲಿ ಒಂದು ಪೈಸೆಯ ವ್ಯವಹಾರವೂ ಇಲ್ಲ. ಹಾಕುವುದೂ ಇಲ್ಲ, ಬರುವುದೂ ಇಲ್ಲ. ಎಲ್ಲರಿಗೂ ಸಮನಾಗಿ ಲೆಕ್ಕದ ಬಿಲ್ಲೆಗಳನ್ನು ಕೊಡುತ್ತಾರೆ, ಬರೀ ಪರದೆಯ ಮೇಲೆ ಕಾಣುವಂಥವು. ಅವು ಮುಗಿದರೆ ಎದ್ದು ಹೋಗಬೇಕು, ಮತ್ತೆ ಕೊಡುವುದಿಲ್ಲ.

ಒಬ್ಬೊಬ್ಬರಿಗೆ ಎರಡೆರಡು ಎಲೆ ಮುಚ್ಚಿ ಹಂಚುತ್ತಾರೆ. ನಡುವೆ ಎಲ್ಲರಿಗೂ ಸೇರಿ ಐದು ಎಲೆ ಬಿಚ್ಚುತ್ತಾರೆ. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಪ್ರತಿ ಸಲವೂ ಬಿಲ್ಲೆ ಏರಿಸಬಹುದು. ಒಬ್ಬರು ಏರಿಸಿದರೆ ಉಳಿದವರು ಅಷ್ಟೇ ಹಾಕಬೇಕು, ಇಲ್ಲವೇ ಎಲೆ ಕೆಳಗಿಟ್ಟು ಬಿಡಬೇಕು. ನಿಮಗೆ ಸುಲಭವಾಗಿ ತಿಳಿಯುವಂತೆ ಹೇಳಬೇಕೆಂದರೆ ನಮ್ಮ ಚರ್ಚಿನ ಸುಗ್ಗಿ ಹಬ್ಬದಲ್ಲಿ ಬೆಲೆ ಏರಿಸುತ್ತ ಕೂಗುವ ಸವಾಲ ಇದ್ದ ಹಾಗೆ.

ಇಂಥ ಪಂದ್ಯ ಮೂರು ಸುತ್ತು ನಡೆಯುತ್ತದೆ. ಪ್ರತಿ ಸುತ್ತಿನಲ್ಲಿ ಕೊನೆಯವರೆಗೆ ಉಳಿದ ಇಬ್ಬರಿಗೆ ರಾಜ್ಯದ ತಂಡದಲ್ಲಿ ಜಾಗ. ಒಂದರಲ್ಲಿ ಸೋತರೂ ಮುಂದಿನ ಸುತ್ತಿಗೆ ಹೊಸದಾಗಿ ಕೂರಬಹುದು. ಬೆನ್ನ ಮೇಲೆ ಕರ್ನಾಟಕ ಅಂತ ಬರೆದ ಅಂಗಿ ಕೊಡುತ್ತಾರೆ. ನನಗೆ ಆ ಅಂಗಿ ಬೇಕು ಮುತ್ಯಾ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಬಹಳ ಬೇಕು. ಕಾಲೇಜಿನಲ್ಲಿದ್ದಾಗ ಬೀದರಿನ ಗೆಳತಿ ರುಖ್ಸಾರಳ ಮೊಬೈಲಿನಲ್ಲಿ ಆಡಲು ಕಲಿತೆ. ಈಗ ಆಕೆಯನ್ನೇ ಸೋಲಿಸುತ್ತೇನೆ.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ನಿಮ್ಮ ಮುತ್ಯಾ ಹೂಂ ಅಂದ್ರ ನಂದೂ ಹೂಂ" ಎಂದು ಜಾರಿಕೊಂಡರು. ಈಗ ಎಲ್ಲ ನಿಮ್ಮ ಕೈಯಲ್ಲಿದೆ. ಭಾಲ್ಕಿ ಬಸ್ಸಿನ ಕಂಡಕ್ಟರ್ ಜಾವೀದಣ್ಣನ ಕೈಯಲ್ಲಿ ಪತ್ರ ಕಳಿಸಿದ್ದೇನೆ. ಉತ್ತರವನ್ನೂ ಅವರ ಕೈಗೇ ಕೊಡಿರಿ.

ನಿಮ್ಮ ಏಂಜೆಲ


ಭಾಲ್ಕಿ
9 ಅಕ್ಟೋಬರ್ 2023

ಚಿರಂಜೀವಿ ಏಂಜೆಲಳಿಗೆ ಮುತ್ಯಾ ಯಾಕೋಬನ ಆಶೀರ್ವಾದಗಳು.

ಕೂತೇ ಓದಿದೆ. ಓದಿ ಎದ್ದು ನಿಂತೆ. ಮತ್ತೆ ಕೂತೆ. "ಏನಾಯ್ತರೀ, ಯಾರರ ಹೋದ್ರೇನು?" ಎಂದು ನಿಮ್ಮ ಆಯಿ ಮಾರ್ಥಾ ಒಳಗಿನಿಂದ ಓಡಿ ಬಂದಳು. ಅವಳ ಬಾಯಿ ಆಡಿದ್ದು ನೋಡಿ ತಿಳಿದುಕೊಂಡೆ. ನನ್ನ ಕಿವಿ ನಿನಗೆ ಗೊತ್ತೇ ಇದೆ. ಮಷೀನು ಹಾಕಿಕೊಂಡರೆ ತಲೆಯೊಳಗೆ ಕುಕ್ಕರ್ ಕೂಗುತ್ತದೆ, ಅದಕ್ಕೇ ತೆಗೆದಿಟ್ಟಿದ್ದೇನೆ. ಫೋನು ನನಗೆ ದಂಡ. ನೀನಾದರೂ ಕಾಗದದ ಮೇಲೆ ಬರೆಯುತ್ತೀಯಲ್ಲ, ದೇವರು ನಿನ್ನ ಕೈ ಚೆನ್ನಾಗಿಟ್ಟಿರಲಿ.

ನಲವತ್ತು ವರ್ಷ ಮಿಶನ್ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವನು ನಾನು. ಚರ್ಚಿನ ಕಮಿಟಿಯಲ್ಲಿರುವವನು. ನನ್ನ ಮನೆಯಲ್ಲಿ ಇಸ್ಪೀಟು! ಮೊದಲು ಬೈಯಬೇಕೆಂದೇ ಪೆನ್ನು ಹಿಡಿದೆ. ಆದರೆ ಸವಾಲ ಇದ್ದ ಹಾಗೆ ಅಂತ ಬರೆದೆಯಲ್ಲ, ಅಲ್ಲಿಗೆ ನನ್ನ ಸಿಟ್ಟು ಇಳಿಯಿತು. ಜಾಣೆ ಇದ್ದೀಯ, ನನ್ನ ಮರ್ಮ ನಿನಗೆ ಗೊತ್ತು.

ಸುಗ್ಗಿ ಹಬ್ಬದಲ್ಲಿ ಸಭೆಯವರು ತಂದ ಜೋಳ, ಕೋಳಿ, ಬದನೆಕಾಯಿಗಳನ್ನೆಲ್ಲ ಚರ್ಚಿನ ಅಂಗಳದಲ್ಲಿ ಸವಾಲಿಗೆ ಇಡುವಾಗ ನಿಂತು ಕೂಗುವವನು ಯಾರು? ಈ ಯಾಕೋಬ. ನಾನು ಕೂಗಿದರೆ ಹತ್ತು ರೂಪಾಯಿಯ ಸೋರೆಕಾಯಿಗೂ ಬೆಲೆ ಬರುತ್ತದೆ. ನಾವು ಬೀದರಿನಲ್ಲಿದ್ದಾಗ ಕಮಠಾಣದ ಒಬ್ಬ ಸಾಹುಕಾರ ಒಂದು ಕುಂಬಳಕಾಯಿಗೆ ನನ್ನ ಎದುರು ನಿಂತ. ಅವನು ಏರಿಸಿದ, ನಾನೂ ಏರಿಸಿದೆ. ಸಭೆಯೆಲ್ಲ ಉಸಿರು ಬಿಗಿಹಿಡಿದಿತ್ತು. ಆ ತಿಂಗಳ ಪಗಾರ ಪೂರ್ತಿ ಹೋಯಿತು, ಆದರೆ ಕುಂಬಳಕಾಯಿ ನನ್ನ ಹೆಗಲ ಮೇಲೆ ಮನೆಗೆ ಬಂತು. ಇಂದಿಗೂ ಬೀದರಿನ ಹಳಬರು "ಕುಂಬಳಕಾಯಿ ಯಾಕೋಬಪ್ಪ" ಎಂದೇ ಗುರುತು ಹಿಡಿಯುತ್ತಾರೆ.

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಒಮ್ಮೆ ಕೂಗಿದ ಮೇಲೆ ನಮ್ಮ ಮನೆತನದವರು ಹಿಂದೆ ಸರಿದವರಲ್ಲ. ಆಡು. ರೊಕ್ಕ ಮುಟ್ಟಬೇಡ. ಕೂಗಿದರೆ ಸರಿಯಬೇಡ. ಇವೆರಡೇ ನನ್ನ ಮಾತು. ಕರ್ನಾಟಕದ ಅಂಗಿ ಹಾಕಿಕೊಂಡು ಬಾ, ನಾನು ಬಸ್ ಸ್ಟ್ಯಾಂಡಿಗೆ ಬಾಜಾ ತರಿಸುತ್ತೇನೆ.

ನಿನ್ನ ಮುತ್ಯಾ

ಇದರ ಕೆಳಗ ಆಯಿ ಬರಿಯೂದು: ಆ ಕುಂಬಳಕಾಯಿ ಪಲ್ಯಾ ನಾವು ಕ್ರಿಸ್‌ಮಸ್ ತನಕ ತಿಂದೇವಿ. ಅದನ್ನ ಹೇಳಂಗಿಲ್ಲ ಇವರು.


ಔರಾದ
23 ಅಕ್ಟೋಬರ್ 2023

ಮುತ್ಯಾ,

ಮೊದಲ ಸುತ್ತು ನಿನ್ನೆ ಆಯಿತು. ನಾನು ಬೇಗ ಹೊರಗೆ ಬಿದ್ದೆ. ಆಟದ ನಡುವೆ ಕರೆಂಟು ಹೋಯಿತು, ನೆಟ್‌ವರ್ಕೂ ಹೋಯಿತು. ಇನ್ನೂ ಎರಡು ಸುತ್ತು ಇವೆ.

ಶಾಲೆಯಲ್ಲಿ ಪರೀಕ್ಷೆ ಪೇಪರು ತಿದ್ದುವ ಕೆಲಸ ಬಹಳ ಇದೆ. ಆದ್ದರಿಂದ ಇಷ್ಟೇ.

ಏಂಜೆಲ


ಭಾಲ್ಕಿ
31 ಅಕ್ಟೋಬರ್ 2023

ಚಿರಂಜೀವಿ ಏಂಜೆಲಳಿಗೆ,

ಹೆದರಬೇಡ. ನಿನಗಾದ ಅನ್ಯಾಯವನ್ನು ನಾನು ಸುಮ್ಮನೆ ಬಿಟ್ಟಿಲ್ಲ.

ನಿನ್ನ ಪತ್ರ ಕೈಗೆ ಬಂದ ಮರುದಿನವೇ ಕೋಟು ಹಾಕಿಕೊಂಡು ಔರಾದಕ್ಕೆ ಬಂದೆ. ನಿನಗೆ ಹೇಳಲಿಲ್ಲ, ನೀನು ಶಾಲೆಯಲ್ಲಿದ್ದೆ. ನೆಟ್ಟಗೆ ಕರೆಂಟಿನ ಆಫೀಸಿಗೆ ಹೋದೆ. "ಭಾನುವಾರ ಕರೆಂಟ್ ಯಾಕ ತೆಗದ್ರಿ? ನನ್ನ ಮೊಮ್ಮಗಳು ರಾಜ್ಯಕ್ಕ ಆಡೋಳು ಇದ್ದಳು, ನಿಮ್ಮಿಂದ ಮಣ್ಣಪಾಲಾತು!" ಎಂದು ಮೇಜು ಗುದ್ದಿದೆ. ಅಲ್ಲಿದ್ದ ಹುಡುಗಿ ಪಾಪ ಒಂದು ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದಳು, ಭಾನುವಾರ ಔರಾದದಲ್ಲಿ ಕರೆಂಟು ಹೋಗಿಯೇ ಇಲ್ಲ ಎಂದು. ನೋಡು ಧೈರ್ಯ! "ನನ್ನ ಮೊಮ್ಮಗಳು ಸುಳ್ಳು ಹೇಳೂದಿಲ್ಲವಾ, ನೀವೇ ಹೇಳ್ಲತೀರಿ" ಎಂದು ಇಡೀ ಆಫೀಸಿಗೆ ಕೇಳಿಸುವಂತೆ ಹೇಳಿ ಬಂದೆ. ನನಗೆ ನನ್ನ ದನಿ ಕೇಳಿಸುವುದಿಲ್ಲ, ಆದರೆ ಹೊರಗೆ ಚಹಾ ಕುಡಿಯುತ್ತಿದ್ದವರೂ ತಿರುಗಿ ನೋಡಿದರು.

ಮುಂದಿನ ಸುತ್ತಿನಲ್ಲಿ ತೊಂದರೆಯಾಗುವುದಿಲ್ಲ. ಮೈ ಗಟ್ಟಿ ಮಾಡಿಕೊಂಡು ಆಡು.

ನಿನ್ನ ಮುತ್ಯಾ


ಔರಾದ
5 ನವೆಂಬರ್ 2023

ಮುತ್ಯಾ,

ಆ ಹುಡುಗಿ ಬರೆದು ತೋರಿಸಿದ್ದು ಖರೆ. ಕರೆಂಟು ಹೋಗಿರಲಿಲ್ಲ. ನಾನೇ ಸುಳ್ಳು ಬರೆದೆ.

ನೀವು ಕೋಟು ಹಾಕಿಕೊಂಡು ಅಷ್ಟು ದೂರ ಬಂದು ಮೇಜು ಗುದ್ದಿದ್ದು ಓದಿ ನನಗೆ ಅನ್ನ ಇಳಿಯಲಿಲ್ಲ. ನಾಳೆ ಆ ಆಫೀಸಿಗೆ ಹೋಗಿ ಕ್ಷಮೆ ಕೇಳುತ್ತೇನೆ. ಆದರೆ ಸುಳ್ಳು ಯಾಕೆ ಬರೆದೆ ಅಂತಲೂ ಕೇಳಿರಿ. ಸಿಟ್ಟು ಬಂದರೆ ಬರಲಿ, ನನಗೂ ಬಂದಿದೆ.

ಆಟ ಶುರುವಾಗಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ನನಗೆ ಎಂಟರ ಜೋಡಿ ಬಂತು, ಎರಡು ಎಂಟು. ಇದು ಬಹಳ ಮೋಸದ ಎಲೆ ಮುತ್ಯಾ. ಎಕ್ಕಾಗಳ ಜೋಡಿ ಬಂದರೆ ಯಾರಿಗೂ ಹೆದರಬೇಕಿಲ್ಲ. ಎರಡರ ಜೋಡಿ ಬಂದರೆ ಯಾರೂ ಆಸೆ ಇಟ್ಟುಕೊಳ್ಳುವುದಿಲ್ಲ. ಎಂಟರ ಜೋಡಿ ನಡುವಿನದು. ಕೈಯಲ್ಲಿದ್ದಾಗ ಚಂದ ಕಾಣುತ್ತದೆ, ನಡುವೆ ದೊಡ್ಡ ಎಲೆ ಬಿದ್ದ ಕೂಡಲೇ ಬಡವಾಗುತ್ತದೆ. ಆಟದ ಆರಂಭದಲ್ಲಿ ಇದನ್ನು ಆಡುವ ರೀತಿ ಒಂದೇ. ಸ್ವಲ್ಪ ಬಿಲ್ಲೆ ಹಾಕಿ ನೋಡಬೇಕು. ನಡುವೆ ಮೂರನೆಯ ಎಂಟು ಬಂದರೆ ಎದುರಿನವನ ಬಿಲ್ಲೆಗಳೆಲ್ಲ ನಮ್ಮವು. ಅದು ಎಂಟೊಂಬತ್ತು ಸಲಕ್ಕೆ ಒಮ್ಮೆ ಬರುತ್ತದೆ. ಬರದೆ ದೊಡ್ಡ ಎಲೆ ಬಿದ್ದು ಎದುರಿನವನು ಜೋರು ಮಾಡಿದರೆ ಸುಮ್ಮನೆ ಕೆಳಗಿಟ್ಟುಬಿಡಬೇಕು. ಹೋದದ್ದು ಸ್ವಲ್ಪ, ಉಳಿದದ್ದು ಬಹಳ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ರುಖ್ಸಾರಳಿಗೆ ಇದನ್ನು ಕಲಿಸಿದವಳೇ ನಾನು.

ನಾನು ಏರಿಸಿದೆ. "ಮೈಸೂರು ಹುಲಿ" ಎಂದು ಹೆಸರಿಟ್ಟುಕೊಂಡವನೊಬ್ಬ ನನ್ನಷ್ಟೇ ಹಾಕಿದ. ನಡುವೆ ಎಕ್ಕಾ ಬಿತ್ತು, ಅದರ ಪಕ್ಕದಲ್ಲಿ ರಾಜಾ ಬಿತ್ತು. ಹುಲಿ ಏರಿಸಿದ. ಅವನ ಕೈಯಲ್ಲಿ ಎಕ್ಕಾ ಇದೆ ಎಂದು ಗೋಡೆಗೂ ಗೊತ್ತಾಗುವಂತಿತ್ತು. ಬಿಡಲು ಬೆರಳು ಮುಂದೆ ಮಾಡಿದೆ. ಆಗ ನಿಮ್ಮ ಮಾತು ಬಂತು. ಕೂಗಿದರೆ ಸರಿಯಬೇಡ. ಯಾಕೋಬನ ಮೊಮ್ಮಗಳು ಹುಲಿಗೆ ಹೆದರಿ ಓಡಿದಳು ಎಂದು ಆಗಬಾರದೆಂದು ನನ್ನ ಬಿಲ್ಲೆಯನ್ನೆಲ್ಲ ಮುಂದೆ ತಳ್ಳಿದೆ. ಅವನ ಹತ್ತಿರ ಎಕ್ಕಾ ಇತ್ತು. ನಾನು ಮನೆಗೆ ಬಂದೆ, ಅಂದರೆ ಮನೆಯಲ್ಲೇ ಇದ್ದೆ.

ಸವಾಲಿನಲ್ಲಿ ಪಗಾರ ಹೋದರೆ ಮುಂದಿನ ತಿಂಗಳು ಇನ್ನೊಂದು ಪಗಾರ ಬರುತ್ತದೆ. ಇಲ್ಲಿ ಬಿಲ್ಲೆ ಹೋದರೆ ಹೋಯಿತು. ನೀವು ಹೇಳಿದ ಮರ್ಯಾದೆ ಕುಂಬಳಕಾಯಿಗೆ ಸರಿ, ಎಂಟರ ಜೋಡಿಗೆ ಅಲ್ಲ. ಮುಂದಿನ ಸುತ್ತಿನಲ್ಲಿ ನಾನು ಹಿಂದೆ ಸರಿಯುತ್ತೇನೆ. ಹತ್ತು ಸಲ ಸರಿಯಬೇಕಾದರೂ ಸರಿಯುತ್ತೇನೆ. ಮೊದಲೇ ಹೇಳಿಬಿಟ್ಟಿದ್ದೇನೆ.

ಏಂಜೆಲ


ಭಾಲ್ಕಿ
10 ನವೆಂಬರ್ 2023

ಏಂಜೆಲಳಿಗೆ,

ಪತ್ರ ಮುಟ್ಟಿತು. ಸುಳ್ಳು ಹೇಳಿದ್ದು ನೀನು, ತಪ್ಪು ನನ್ನದಾಯಿತು. ಇರಲಿ.

ಎಪ್ಪತ್ತೆಂಟು ವರ್ಷ ತಲೆ ಎತ್ತಿ ಬದುಕಿದವನಿಗೆ ಬಗ್ಗುವುದು ಹೇಗೆಂದು ಕಲಿಯುವ ವಯಸ್ಸಲ್ಲ ಇದು. ನಿನ್ನ ಆಟ ನಿನ್ನದು. ಇನ್ನು ಮೇಲೆ ಅದರ ವಿಷಯ ನನಗೆ ಬರೆಯಬೇಡ.

ಯಾಕೋಬ


ಭಾಲ್ಕಿ
21 ನವೆಂಬರ್ 2023

ನನ್ನ ಬಂಗಾರ ಏಂಜೆಲವ್ವಗ ಆಯಿ ಮುದ್ದು.

ನಂಗ ನಿಮ್ಮ ಮುತ್ಯಾನಂಗ ಪುಸ್ತಕದ ಮಾತು ಬರಂಗಿಲ್ಲ, ನಾ ಮಾತಾಡಿದಂಗೇ ಬರೀತೇನಿ. ಅವರು ಬಜಾರಕ್ಕ ಹೋಗ್ಯಾರ, ಬರೂದ್ರಾಗ ಮುಗಸಬೇಕು.

ನೀ ಸಿಟ್ಟಿಲೇ ಬರದಿದ್ದಕ್ಕ ಅವರು ಹಂಗಾಗಿಲ್ಲವಾ. ಅದರ ಹಿಂದಿನ ಕಥಿ ನಿಂಗ ಗೊತ್ತಿಲ್ಲ. ದೀಪಾವಳಿ ಮುಂದ ಚರ್ಚಿನ ಕಮಿಟಿಯವರು ಕರಸಿದ್ರು. ಯಾರೋ ಚಾಡಿ ಹೇಳ್ಯಾರ, ಯಾಕೋಬಪ್ಪನ ಮೊಮ್ಮಗಳು ಜೂಜಾಡ್ತಾಳ ಅಂತ. ಆಟ ಬಿಡಸರಿ, ಇಲ್ಲಾಂದ್ರ ಈ ವರ್ಷ ಸವಾಲ ಕೂಗಬ್ಯಾಡ್ರಿ ಅಂದ್ರು. ಕಿವಿ ಕೇಳಸಂಗಿಲ್ಲಲ್ಲ, ಬರದು ಕೊಟ್ರು. ಇವರು ಓದಿ, "ರೊಕ್ಕ ಇಲ್ಲದ್ದು ಜೂಜ ಹ್ಯಾಂಗ ಆಗ್ತದರೀ? ಲೆಕ್ಕದ ಆಟ ಅದು. ಆಕಿ ಆಡ್ತಾಳ. ಸವಾಲ ನೀವೇ ಕೂಗ್ಕೋರಿ" ಅಂದು ಎದ್ದು ಬಂದುಬಿಟ್ರು. ಮೂವತ್ತು ವರ್ಷ ಕೂಗಿದ ಗಂಟಲವಾ ಅದು. ಮನಿಗಿ ಬಂದು ಗ್ವಾಡಿಗಿ ಮಾರಿ ಮಾಡಿ ಮಲಗಿದ್ರು. ಮರದಿನಾನೇ ನಿನ್ನ ಕಾಗದ ಬಂತು.

ನಿಂಗ ಹೇಳಬಾರದಂತ ನನ್ನ ಕಡಿಂದ ಆಣಿ ಹಾಕಿಸ್ಕೊಂಡಾರ. ನಾ ಹೇಳಿಲ್ಲ, ಬರದೇನಿ. ನೀ ಏನೂ ಗೊತ್ತಿಲ್ಲದಂಗ ಇರು.

ಮಾರ್ಥಾ ಆಯಿ


ಔರಾದ
24 ನವೆಂಬರ್ 2023

ಪ್ರೀತಿಯ ಮುತ್ಯಾನಿಗೆ ವಂದನೆಗಳು.

ಆಟದ ವಿಷಯ ಬರೆಯಬೇಡ ಅಂದಿದ್ದೀರಿ. ಇದೊಂದು ಸಲ ಬರೆಯುತ್ತೇನೆ, ಆಮೇಲೆ ಇಲ್ಲ.

ಎರಡನೆಯ ಸುತ್ತು ಹೋದ ಭಾನುವಾರ ಮುಗಿಯಿತು. ಐನೂರಕ್ಕಿಂತ ಹೆಚ್ಚು ಮಂದಿ ಆಡಿದರು. ನನಗೆ ನಾಲ್ಕನೆಯ ಸ್ಥಾನ ಬಂತು. ಇಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತಾರೆ.

ಮೂರನೆಯ ಸುತ್ತಿಗೆ ನಾನು ಕೂರುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಶಾಲೆಯ ಕೆಲಸ ಹೆಚ್ಚಾಗಿದೆ. ಕಣ್ಣೂ ನೋಯುತ್ತದೆ. ಆಟವೆಂದರೆ ಆಟ, ಅದಕ್ಕಿಂತ ದೊಡ್ಡವು ಬೇರೆ ಇವೆ. ನೀವು ಈ ಮಾತನ್ನು ಯಾರಿಗಾದರೂ ತಿಳಿಸಬೇಕೆಂದಿದ್ದರೆ ಭಾನುವಾರದ ಸುಗ್ಗಿ ಹಬ್ಬದ ಮೊದಲೇ ತಿಳಿಸಿಬಿಡಿರಿ.

ಸಿಟ್ಟಿನಲ್ಲಿ ಏನೇನೋ ಬರೆದಿದ್ದೆ. ಹೊಟ್ಟೆಗೆ ಹಾಕಿಕೊಳ್ಳಿರಿ.

ನಿಮ್ಮ ಏಂಜೆಲ


ಭಾಲ್ಕಿ
28 ನವೆಂಬರ್ 2023

ಚಿರಂಜೀವಿ ಏಂಜೆಲಳಿಗೆ ಮುತ್ಯಾನ ಆಶೀರ್ವಾದಗಳು.

ಸುಳ್ಳು ಹೇಳುವುದು ನಿನಗೆ ಬರುವುದಿಲ್ಲ. ಮೊದಲ ಸಲ ನಾನು ನಂಬಿದೆ, ನಂಬಿ ಔರಾದದಲ್ಲಿ ನಗೆಪಾಟಲಾದೆ. ಎರಡನೆಯ ಸಲ ನಂಬಲು ನಾನೇನು ಹುಚ್ಚನೇ? ಹಬ್ಬದ ಮೊದಲೇ ತಿಳಿಸಿರಿ ಅಂತ ಬರೆದೆಯಲ್ಲ, ಅಲ್ಲಿಯೇ ಸಿಕ್ಕಿಬಿದ್ದೆ. ನಿಮ್ಮ ಆಯಿಯನ್ನು ಕರೆದು ಪತ್ರ ಮುಂದೆ ಹಿಡಿದೆ. "ನಾ ಹೇಳಿಲ್ಲ" ಎಂದಳು. "ಬರದೀ ಏನು?" ಎಂದೆ. ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಕಮಿಟಿಗೆ ನಾನು ಏನನ್ನೂ ತಿಳಿಸಲಿಲ್ಲ, ತಿಳಿಸುವುದೂ ಇಲ್ಲ. ಈಗ ಹಬ್ಬದ ಸುದ್ದಿ ಕೇಳು.

ಈ ಸಲ ಒಬ್ಬ ಹೊಸ ಹುಡುಗ ಸವಾಲ ಕೂಗಿದ. ನಾನು ಕೋಟು ಹಾಕಿಕೊಂಡು ಹೋಗಿ ಎಲ್ಲರಿಗೂ ಕಾಣುವಂತೆ ಮುಂದಿನ ಸಾಲಿನಲ್ಲೇ ಕೂತೆ. ಅಡಗಿ ಕೂರಲು ನಾನೇನು ಕಳವು ಮಾಡಿದ್ದೇನೆಯೇ? ಕೂಗುವುದಿಲ್ಲವಾದರೇನು, ಸವಾಲಿನಲ್ಲಿ ನಿಲ್ಲಬಹುದಲ್ಲ. ಒಂದು ಕೆಂಪು ಹುಂಜ ಬಂತು. ಒಳ್ಳೆಯ ಜಾತಿ, ಜುಟ್ಟು ನೋಡಬೇಕು! ನಾನು ಬೆರಳೆತ್ತಿದೆ. ಮೆಹಕರದಿಂದ ಬಂದಿದ್ದ ಒಬ್ಬ ಯುವಕನೂ ಎತ್ತಿದ. ನಾನು ಏರಿಸಿದೆ, ಅವನೂ ಏರಿಸಿದ. ಸಭೆಯೆಲ್ಲ ಅವನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡತೊಡಗಿತು. ನನಗೆ ಕೇಳಿಸದಿದ್ದರೂ ಅವರು ಏನು ಹೇಳುತ್ತಿದ್ದಾರೆಂದು ಗೊತ್ತಿತ್ತು. ಯಾಕೋಬಪ್ಪ ಬಿಡಂಗಿಲ್ಲ, ಯಾಕೋಬಪ್ಪ ಬಿಡಂಗಿಲ್ಲ.

ಆಗ ಆ ಹುಡುಗನ ಮುಖ ನೋಡಿದೆ. ಪಕ್ಕದಲ್ಲಿ ಹೆಂಡತಿ, ಕೈಯಲ್ಲಿ ಹಸುಗೂಸು. ಅವನು ಆ ಹುಂಜವನ್ನು ಹಟಕ್ಕೆ ಕೇಳುತ್ತಿಲ್ಲವೆಂದು ಆ ಮುಖವೇ ಹೇಳಿತು, ಕೂಸಿನ ಹೆಸರಿನಲ್ಲಿ ಹರಕೆ ಇತ್ತೆಂದು ಆಮೇಲೆ ತಿಳಿಯಿತು. ಅಂಥವನು ಬಿಡುವುದಿಲ್ಲ. ನನ್ನ ಕೈಯಲ್ಲಿ ಬರೀ ಹಟ ಇತ್ತು. ನೀನು ಬರೆದದ್ದು ಇದೇ ಅಲ್ಲವೇ, ಅವನ ಕೈಯಲ್ಲಿ ಎಕ್ಕಾ ಇದೆ ಎಂದು ಗೊತ್ತಿದ್ದೂ ತಳ್ಳುವುದು?

ಎತ್ತಬೇಕಿದ್ದ ಬೆರಳನ್ನು ಮಡಚಿದೆ. ಬಿಟ್ಟೆ.

ಏಂಜೆಲ, ಎಷ್ಟು ಕಷ್ಟವಾಯಿತೆಂದು ಹೇಗೆ ಬರೆಯಲಿ! ನನ್ನ ಜೀವಮಾನದಲ್ಲಿ ಮೊದಲ ಸಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಮಿಟಿಯ ಒಬ್ಬ ಪಕ್ಕದವನಿಗೆ ಏನೋ ಹೇಳಿ ನಕ್ಕ. ನಾನು ತಲೆ ತಗ್ಗಿಸಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಒಂದು ವಿಚಾರ ಹೊಳೆಯಿತು. ಕುಂಬಳಕಾಯಿ ತಂದ ದಿನ ನಾನು ಧೈರ್ಯವಂತನೆಂದು ಊರು ಹೇಳಿತ್ತು. ಆ ದಿನ ನನಗೆ ಇಷ್ಟು ಧೈರ್ಯ ಬೇಕಾಗಿರಲಿಲ್ಲ. ಕೂಗುವುದಕ್ಕೆ ಗಂಟಲಿದ್ದರೆ ಸಾಕು, ಬಿಡುವುದಕ್ಕೆ ಎದೆ ಬೇಕು. ನೀನು ಇದನ್ನು ಹತ್ತು ಸಲ ಮಾಡುತ್ತೇನೆ ಎಂದು ಬರೆದಿದ್ದೆ. ಒಂದೇ ಸಲಕ್ಕೆ ನನ್ನ ಜೀವ ಬಾಯಿಗೆ ಬಂತು.

ನಾಲ್ಕನೆಯ ಸ್ಥಾನವೆಂದು ನಾಚಿಕೊಂಡು ಬರೆದಿದ್ದೀಯ. ಐನೂರು ಮಂದಿಯಲ್ಲಿ ನಾಲ್ಕನೆಯವಳು! ಓಣಿಯವರಿಗೆಲ್ಲ ಹೇಳಿ ಬಂದೆ.

ನನಗಾಗಿ ಆಟ ಬಿಡುತ್ತೇನೆ ಅನ್ನುವ ನಿನ್ನ ಪ್ರೀತಿ ನನಗೆ ತಿಳಿಯುತ್ತದೆ, ಆದರೆ ಅದು ನನಗೆ ಬೇಡ. ಮೂರನೆಯ ಸುತ್ತಿಗೆ ಕೂರು. ಬಿಡಬೇಕಾದ ಎಲೆಯನ್ನು ಬಿಡು. ಆಟವನ್ನು ಬಿಟ್ಟರೆ ಮಾತ್ರ ನಾನು ನಿನ್ನ ಮುತ್ಯಾ ಅಲ್ಲ.

ಯಾಕೋಬ


ಬೀದರ
18 ಡಿಸೆಂಬರ್ 2023

ಮುತ್ಯಾ! ಮುತ್ಯಾ!

ಎರಡನೆಯವಳು! ತಂಡದಲ್ಲಿ ಜಾಗ ಸಿಕ್ಕಿತು! ಅಂಗಿಯ ಅಳತೆ ಕೇಳಿದ್ದಾರೆ!

ಇದನ್ನು ರುಖ್ಸಾರಳ ಮನೆಯಿಂದ ಬರೆಯುತ್ತಿದ್ದೇನೆ. ಈ ಸಲ ಕರೆಂಟಿನ ಮೇಲೆ ಹಾಕಲು ನೆಪವೂ ಇರಬಾರದೆಂದು ಬೀದರಕ್ಕೇ ಬಂದು ಆಡಿದೆ. ರುಖ್ಸಾರಳ ತಾಯಿ ಕುಲಸುಮಬೀ ಚಾಚಿಗೆ ಆಟ ಏನೆಂದು ತಿಳಿಯಲಿಲ್ಲ. ಪರೀಕ್ಷೆ ಅಂದುಕೊಂಡರು. "ತಿನ್ನು ಬೇಟಾ, ಖಾಲಿ ಹೊಟ್ಟೀಲೇ ಅಕಲ್ ನಡಿಯಂಗಿಲ್ಲ" ಎಂದು ಒಂದು ತಟ್ಟೆ ಮುಗಿಯುವ ಮೊದಲೇ ಇನ್ನೊಂದು ತಂದಿಡುತ್ತಿದ್ದರು.

ಮೊದಲು ಗೆಲುವಿನದಲ್ಲ, ಬೇರೆಯದು ಹೇಳುತ್ತೇನೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಎಂಟರ ಜೋಡಿ ಬಂತು. ಒಬ್ಬ ಏರಿಸಿದ, ನಾನು ಅಷ್ಟೇ ಹಾಕಿ ನೋಡಿದೆ. ನಡುವೆ ರಾಜಾ, ರಾಣಿ, ನಾಲ್ಕು. ಎಂಟು ಇಲ್ಲ. ಅವನು ಮತ್ತೆ ಏರಿಸಿದ. ನಾನು ಬಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಅದೇ ಜೋಡಿ! ಈ ಸಲ ನನ್ನ ಸರದಿ ಬರುವ ಮೊದಲೇ ಇಬ್ಬರು ಜೋರಾಗಿ ಏರಿಸಿಬಿಟ್ಟಿದ್ದರು, ಒಬ್ಬ ಎಲ್ಲ ಬಿಲ್ಲೆಗಳನ್ನೂ ತಳ್ಳಿದ್ದ. ಹಾಕಿ ನೋಡುವಷ್ಟೂ ಜಾಗ ಇರಲಿಲ್ಲ. ಅದನ್ನೂ ಬಿಟ್ಟೆ. "ಹುಚ್ಚಿ, ಜೋಡಿ ಬಂದದ ಬಿಡ್ತೀ ಏನು?" ಎಂದು ರುಖ್ಸಾರ ನನ್ನ ಬೆನ್ನಿಗೆ ಗುದ್ದಿದಳು. ಕೊನೆಗೆ ಇಬ್ಬರೂ ಎಲೆ ತೋರಿಸಿದಾಗ ಒಬ್ಬನ ಹತ್ತಿರ ಹತ್ತರ ಜೋಡಿ, ಇನ್ನೊಬ್ಬನ ಹತ್ತಿರ ರಾಣಿಯರ ಜೋಡಿ. ರುಖ್ಸಾರ ಗುದ್ದಿದ ಬೆನ್ನನ್ನು ತಾನೇ ಸವರಿದಳು.

ಮೂರನೆಯ ಎಂಟು ಬಂದು ಎಲ್ಲರನ್ನೂ ಬಾಚಿಕೊಂಡೆ ಅಂತ ಬರೆಯಲು ನನಗೂ ಆಸೆ. ಆದರೆ ಅದು ಬರಲೇ ಇಲ್ಲ. ಆ ಎಂಟುಗಳಿಂದ ಒಂದು ಬಿಲ್ಲೆಯನ್ನೂ ಗೆಲ್ಲಲಿಲ್ಲ. ಅವುಗಳಿಗಾಗಿ ಸಾಯಲಿಲ್ಲ ಅಷ್ಟೇ. ಉಳಿದ ಬಿಲ್ಲೆಗಳಿಂದ ಸಂಜೆಯವರೆಗೆ ಬದುಕಿದೆ. ಆಮೇಲೆ ಒಳ್ಳೆಯ ಎಲೆಗಳು ಬಂದವು, ಆಗ ನಿಮ್ಮ ಮೊಮ್ಮಗಳ ಹಾಗೆಯೇ ಕೂಗಿದೆ, ಒಂದಿಷ್ಟೂ ಹಿಂದೆ ಸರಿಯಲಿಲ್ಲ. ಮೈಸೂರು ಹುಲಿಯನ್ನು ಮನೆಗೆ ಕಳಿಸಿದವಳೂ ನಾನೇ.

ಒಂದು ಬೇಜಾರು ಮಾತ್ರ ಉಳಿದಿದೆ. ಗೆದ್ದ ಎಲೆ ಎಲ್ಲರಿಗೂ ಕಾಣುತ್ತದೆ. ಬಿಟ್ಟ ಎಲೆಯನ್ನು ಪರದೆ ಯಾರಿಗೂ ತೋರಿಸುವುದಿಲ್ಲ. ಎಂಟರ ಜೋಡಿ ಬಿಟ್ಟೆನೆಂದು ನನಗೆ, ರುಖ್ಸಾರಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಈಗ ನಿಮಗೆ ಗೊತ್ತಾಯಿತು.

ತಂಡದ ಅಭ್ಯಾಸಕ್ಕೆ ಹುಬ್ಬಳ್ಳಿಗೆ ಹೋಗಬೇಕು. ಹೊಸ ವರ್ಷದ ಆರಾಧನೆಗೆ ಭಾಲ್ಕಿಗೆ ಬರಲಾಗುವುದಿಲ್ಲ. ಆಯಿಗೆ ನೀವೇ ಸಮಾಧಾನ ಹೇಳಿರಿ.

ನಿಮ್ಮ ಏಂಜೆಲ


ಭಾಲ್ಕಿ
2 ಜನವರಿ 2024

ನನ್ನ ಮಗಳೇ,

ಈ ಪತ್ರ ಹುಬ್ಬಳ್ಳಿಗೆ ಟಪಾಲಿನಲ್ಲಿ ಬರುತ್ತಿದೆ. ಜಾವೀದನ ಬಸ್ಸು ಅಷ್ಟು ದೂರ ಹೋಗುವುದಿಲ್ಲ. ನಿನ್ನ ಸುದ್ದಿ ಕೇಳಿ ಅವನು ಎರಡು ದಿನ ಪ್ಯಾಸೆಂಜರ್‌ಗಳಿಗೆಲ್ಲ ಟಿಕೆಟಿನ ಜೊತೆ ಅದನ್ನೂ ಹಂಚಿದನಂತೆ.

ನಿನ್ನ ಪತ್ರ ಬಂದ ದಿನ ನಾನು ಅತ್ತೆ. ನಗಬೇಡ. ಓದಿ ಮುಗಿಸಿ, ಮತ್ತೆ ಓದಿ, ಕೋಟು ಹಾಕಿಕೊಂಡು ಪೇಟೆಯೆಲ್ಲ ತಿರುಗಿ ಬಂದೆ. ನಿಮ್ಮ ಅಪ್ಪನೂ ಫೋಟೋ ತೋರಿಸಿದ, ಆ ಅಂಗಿಯಲ್ಲಿ ನೀನು. ಎದೆ ಬಿರಿಯುವಷ್ಟು ಹೆಮ್ಮೆಯಾಯಿತು. ಸುಮ್ಮನೆ ಬಿಗಿಹಿಡಿದು ಯಾಕೆ ಬರೆಯಲಿ? ನನ್ನ ಜೀವನದಲ್ಲಿ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಪೇಪರಿನವನೊಬ್ಬ ಮನೆಗೆ ಬಂದ. ನಿನ್ನ ಗೆಲುವಿನ ಗುಟ್ಟು ಏನೆಂದು ಬರೆದು ಕೇಳಿದ. "ಎಂಟರ ಜೋಡಿ ಬಿಟ್ಟಳ್ರೀ, ಅದೂ ಎರಡು ಸಲ" ಎಂದೆ. ಅವನಿಗೆ ತಿಳಿಯಲಿಲ್ಲ. ಅರ್ಧ ತಾಸು ತಿಳಿಸಿ ಹೇಳಿದೆ, ಬುದ್ಧಿ ಹತ್ತಲಿಲ್ಲ. ಕೊನೆಗೆ ಎಕ್ಕಾ ಹಿಡಿದು ಎಲ್ಲರನ್ನೂ ಸೋಲಿಸಿದಳೆಂದು ಅಚ್ಚು ಹಾಕಿದ. ಬರೆದುಕೊಳ್ಳಲಿ.

ನಿನ್ನೆ ಆರಾಧನೆ ಮುಗಿದ ಮೇಲೆ ಕಮಿಟಿಯವರು ನನ್ನನ್ನು ಮುಂದೆ ಕರೆದು ಶಾಲು ಹೊದಿಸಿದರು. ಅವರೇ, ಹೌದು. ಸಭೆಯ ಹೆಣ್ಣುಮಗಳು ರಾಜ್ಯಕ್ಕೆ ಆಡುತ್ತಾಳೆಂದು ಪಾಸ್ಟರು ಹೇಳಿದರಂತೆ, ಜೋರು ಚಪ್ಪಾಳೆ ಬಿತ್ತಂತೆ. ಮುಂದಿನ ಸುಗ್ಗಿಗೆ ಸವಾಲ ನೀವೇ ಕೂಗಬೇಕೆಂದು ಚೀಟಿ ಬರೆದು ಕೈಗಿಟ್ಟರು. ಬೇಡ ಅನ್ನಲು ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಅದನ್ನು ಬಿಡುವಷ್ಟು ದೊಡ್ಡ ಎದೆ ನನಗೆ ದೇವರು ಕೊಟ್ಟಿಲ್ಲ. ಹೂಂ ಅಂದೆ.

ಎರಡು ಮಾತು ಹೇಳಿರೆಂದು ಸನ್ನೆ ಮಾಡಿದರು. ಹೇಳಿದೆ. "ಆಕಿ ಗೆದ್ದಿದ್ದಕ್ಕ ಚಪ್ಪಾಳಿ ಹೊಡದ್ರಿ, ಭಾಳ ಸಂತೋಷರೀ. ಗೆದ್ದದ್ದು ಎಲ್ಲಾರಿಗೂ ಕಾಣ್ತದ. ಆಕಿ ಕೈಯಾಗ ಛಲೋ ಎಲಿ ಇತ್ತು, ಸಿಟ್ಟು ಇತ್ತು, ನಮ್ಮ ಮನೆತನದ ಹಟಾ ಇತ್ತು. ಯಾರಿಗೂ ಕಾಣದಂಗ ಅದನ್ನ ಕೆಳಗಿಟ್ಟಳು. ನನ್ನ ಮೊಮ್ಮಗಳು ಅದಕ್ಕ ದೊಡ್ಡಾಕಿ. ಹೊಡೀತೀರಂದ್ರ ಅದಕ್ಕ ಇನ್ನೊಮ್ಮಿ ಹೊಡೀರಿ."

ಇಡೀ ಸಭೆ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡಿತು. ಒಬ್ಬರ ಕೈಯೂ ಏಳಲಿಲ್ಲ. ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಆಗ ಹೆಂಗಸರ ಕಡೆ ನಿಮ್ಮ ಆಯಿ ಎದ್ದು ನಿಂತಳು. ಒಬ್ಬಳೇ. ಸೆರಗು ಸರಿಮಾಡಿಕೊಂಡು, ಎರಡೂ ಕೈ ಎತ್ತಿ ಹಿಡಿದು, ನನ್ನ ಮುಖವನ್ನೇ ನೋಡುತ್ತ ಚಪ್ಪಾಳೆ ಹೊಡೆದಳು. ನಮ್ಮ ಮದುವೆಯಾಗಿ ಐವತ್ತೆರಡು ವರ್ಷ. ನನ್ನ ಮಾತಿಗೆ ಮಾರ್ಥಾ ಚಪ್ಪಾಳೆ ಹೊಡೆದದ್ದು ಇದೇ ಮೊದಲು.

ನಿನ್ನ ಮುತ್ಯಾ